ಹಿಮ ನಿಲ್ಲದ ಮೆಟ್ಟಿಲು

ಲಕೋಟೆ ಒಡೆದವಳು ಸೈಮಿ.
ಓದಿದಳು, ಮಡಿಚಿದಳು, ಮತ್ತೆ ಬಿಡಿಸಿದಳು,
ಮಡಿಕೆಯಲ್ಲಿ ಅಂಕಿ ಸವೆದಾವೇನೋ ಎಂಬಂತೆ.
ಒಂಬೈನೂರ ಹನ್ನೆರಡು ಯೂರೋ. ಒಂದೇ ತಿಂಗಳಿಗೆ.
ತಾಂಪೆರೆಯ ಬಾಡಿಗೆ ಕೋಣೆಗಳಲ್ಲಿ ಇಷ್ಟು ದುಡ್ಡಿಗೆ
ಎರಡು ವರ್ಷ ದೀಪ ಉರಿಸಿದ್ದೆವು.

ಬಿಲ್ಲು ತಂದ ಹೇಮೋ ಇನ್ನೂ ಹೋಗಿರಲಿಲ್ಲ.
ಹಿಮ ತಳ್ಳುವ ಲಾರಿ ನಮ್ಮ ಅಂಚೆಪೆಟ್ಟಿಗೆ ಉರುಳಿಸಿದಂದಿನಿಂದ
ಬಾಗಿಲವರೆಗೂ ಬರುತ್ತಾನೆ,
ಎರಡನೇ ಮೆಟ್ಟಿಲ ಮೇಲೆ ನಿಂತು
ತನ್ನ ನಾಯಿಯ ಮಂಡಿನೋವು, ಕೆರೆಯ ಮಂಜುಗಡ್ಡೆ ಎಷ್ಟು ದಪ್ಪ,
ಯಾರ ಮಗಳು ಯಾರ ದೋಣಿ ಕೊಂಡಳು...
ಮೈನಸ್ ಇಪ್ಪತ್ತೆಂಟರಲ್ಲಿ ಅಷ್ಟು ಮಾತು!
ಕುಹ್ಮೊದಲ್ಲಿ ಜನ ಬಾಯಿ ಬಿಡುವುದಿಲ್ಲ ಎಂದಿದ್ದರು.
ಊರು ನಮ್ಮನ್ನು ಒಪ್ಪಿತು ಎಂದುಕೊಂಡೆವು.

ಅಂದಿನಿಂದ ಗಂಟೆಯ ದರಕ್ಕೆ ಬದುಕಿದೆವು.
ಇಲ್ಲಿ ಕರೆಂಟಿಗೆ ಮೀನಿನ ಹಾಗೆ ಹೊತ್ತಿಗೊಂದು ಬೆಲೆ:
ಪಶ್ಚಿಮದ ಕರಾವಳಿಯಲ್ಲಿ ಗಾಳಿ ಎದ್ದರೆ ಅಗ್ಗ,
ಗಾಳಿ ಸತ್ತರೆ ಚಿನ್ನ.
ಬಟ್ಟೆ ಒಗೆದದ್ದು ನಸುಕಿನ ಮೂರಕ್ಕೆ.
ಬ್ರೆಡ್ ಬೇಯಿಸಿದ್ದು ಬಿರುಗಾಳಿಯ ದಿನ.
ಸೌನಾ ಶನಿವಾರಕ್ಕೊಮ್ಮೆ, ಮೂವರೂ ಒಟ್ಟಿಗೆ, ಬೇಗಬೇಗ.
ಫ್ರಿಜ್ ಬಾಗಿಲು ತೆರೆದವರ ಹೆಸರನ್ನು
ಆರು ವರ್ಷದ ಓಟ್ಸೊ ಪೆನ್ಸಿಲಿನಲ್ಲಿ ಬರೆದಿಡತೊಡಗಿದ.
ಪಟ್ಟಿಯ ತುಂಬ ನಾನೇ.

ನಡುವೆ ಜಗಳ ಬಂತು. ಬರದೆ ಇರುತ್ತದೆಯೇ.
ಈ ಮನೆಯೇ ಬೇಕೆಂದವನು ನಾನು.
ಗೋಡೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು,
ಕಲ್ಲಂಗಡಿ ಕೊಳ್ಳುವವನ ಹಾಗೆ
"ಗಟ್ಟಿ ಇದೆ" ಎಂದವನು ನಾನು.
ಸೈಮಿ ಅದನ್ನು ನೆನಪಿಸಿದಳು. ಎರಡು ಸಲ.

ಒಂದು ಭಾನುವಾರ ಎಲ್ಲವನ್ನೂ ಕಿತ್ತೆವು.
ಫ್ರಿಜ್ಜು, ಗಡಿಯಾರ, ಕಾಫಿ ಯಂತ್ರ, ಕೋಣೆಕೋಣೆಯ ಹೀಟರು,
ಕೊನೆಗೆ ಓಟ್ಸೊನ ಕರಡಿ ದೀಪ.
ಟಾರ್ಚು ಹಿಡಿದು ನೋಡಿದರೆ
ಮೀಟರಿನ ಕೆಂಪು ಚುಕ್ಕಿ ಇನ್ನೂ ಮಿಟುಕುತ್ತಿದೆ,
ನಾವು ಉಪವಾಸ ಕೂತಿರುವಾಗ
ಒಳಕೋಣೆಯಲ್ಲಿ ಯಾರೋ ಗಬಗಬ ಉಣ್ಣುತ್ತಿರುವ ಹಾಗೆ.

ಹನ್ನೊಂದನೇ ಫ್ಯೂಸಿಗೆ ಹೆಸರಿರಲಿಲ್ಲ.
ಪಕ್ಕದಲ್ಲಿ ಹಳೆಯ ಒಡತಿ ಹಿಲ್ಕಳ ನಡುಗುವ ಅಕ್ಷರ:
ಇದು ಇರಲಿ.
ತಿರುಗಿಸಿ ತೆಗೆದೆ. ಚುಕ್ಕಿ ನಿಂತಿತು.

ಕಯಾನಿಗೆ ಫೋನ್ ಮಾಡಿದೆವು.
"ಅಯ್ಯೋ, ಮೆಟ್ಟಿಲು!" ಎಂದಳು ಹಿಲ್ಕ. "ಕಾಂಕ್ರೀಟಿನೊಳಗೆ
ಬಿಸಿ ತಂತಿ ಇದೆ. ನನ್ನ ಗಂಡ ಜಾರಿ ಬಿದ್ದ ವರ್ಷ ಹಾಕಿಸಿದ್ದು.
ತಾನೇ ಆರುವ ಗುಂಡಿ ಕೆಟ್ಟು ಎಷ್ಟು ಕಾಲವಾಯಿತೋ."
ಆಮೇಲೆ, ಸ್ವಲ್ಪ ತಡೆದು:
"ಹೇಮೋ ಬರುತ್ತಾನಾ?"

ಮಂಗಳವಾರ ಎರಡನೇ ಮೆಟ್ಟಿಲ ಮೇಲೆ
ಮೊಣಕಾಲ ಹಿಮ. ಸನಿಕೆ ಹಿಡಿದು ಗುಡಿಸಿದೆ.
ಹೇಮೋ ಬಂದ, ನಿಂತ, ಬೂಟು ನೋಡಿಕೊಂಡ.
"ಚಳಿ," ಎಂದ. ಪತ್ರಿಕೆ ಕೊಟ್ಟ. ಹೋದ.
ನಾಯಿಯ ಮಂಡಿ ಏನಾಯಿತೆಂದು
ಕೇಳುವಷ್ಟರಲ್ಲಿ ಗೇಟು ದಾಟಿದ್ದ.

ಮುಂದಿನ ಬಿಲ್ಲು ಮುನ್ನೂರ ಎಂಬತ್ತು.
ಸಂತೋಷಕ್ಕೆ ಕಾಫಿ ಮಾಡಿ ಕುಡಿದೆವು, ದರ ನೋಡದೆ.
ಮೇಜಿನ ಮೇಲೆ ಬಿಲ್ಲು ಬೆತ್ತಲೆ ಬಿದ್ದಿತ್ತು.
ಯಾಕೋ ಯಾರೂ ಹೆಚ್ಚು ಮಾತಾಡಲಿಲ್ಲ.

ಮಾರ್ಚಿನಲ್ಲೊಂದು ದಿನ ಬಾಗಿಲಾಚೆ ಗದ್ದಲ.
ನಾಯಿಗೆ ಆಪರೇಷನ್ ಆಗಿದೆಯಂತೆ. ಹೊಲಿಗೆ ಹನ್ನೆರಡಂತೆ.
ದೋಣಿ ಕೊಂಡವಳು ಅದನ್ನು ಮಾರಿದಳಂತೆ, ನಷ್ಟಕ್ಕೆ.
ಸೈಮಿ ಕೈಕಟ್ಟಿ ನಿಂತು ಕೇಳುತ್ತಿದ್ದಾಳೆ.
ಪಶ್ಚಿಮದಲ್ಲಿ ಗಾಳಿ ಜೋರಿರಬೇಕು.
ನಾನು ಹಾಲಿಗೆಂದು ಫ್ರಿಜ್ ತೆರೆಯಹೋದೆ.
ಓಟ್ಸೊನ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ
ಹೊಸ ಸಾಲು, ಇನ್ನೂ ಹಸಿ ಕಲಿಕೆಯ ಸೊಟ್ಟ ಅಂಕಿಯಲ್ಲಿ:

ಅಮ್ಮ. 11ನೇದು. ಮಂಗಳವಾರ.
ಬೆಳಿಗ್ಗೆ ಐದರಿಂದ.